ನಿರಾಕರಿಸಿದವರ ದರ್ಜೆ

ಮಾರ್ಚ್ ಹನ್ನೊಂದು, ಸೋಮವಾರ. ಬೆಳಗಿನಿಂದ ಮೋಡ ಕವಿದಿತ್ತು, ಗಾಳಿ ಇರಲಿಲ್ಲ, ಮಳೆ ಬರಲಿಲ್ಲ.

ಆ ದಿನ ಕಚೇರಿ ತೆರೆದ ಸ್ವಲ್ಪ ಹೊತ್ತಿಗೆ ಬೀದಿದೀಪ ನಿರ್ದೇಶನಾಲಯದ ನಕ್ಷೆ ಶಾಖೆಗೂ ಮಂಜೂರಾತಿ ಶಾಖೆಗೂ ಸಂಪರ್ಕ ಕಡಿದುಹೋಯಿತು. ಜಗಳವೇನೂ ಆಗಿರಲಿಲ್ಲ. ಎರಡು ಶಾಖೆಗಳೂ ಒಂದೇ ಮಹಡಿಯಲ್ಲಿ ಎದುರುಬದುರಾಗಿದ್ದವು. ನಡುವೆ ಒಂದು ಓಣಿ, ಓಣಿಯಲ್ಲಿ ಕುಡಿಯುವ ನೀರಿನ ಯಂತ್ರ, ಅದರ ನಲ್ಲಿಯ ಕೆಳಗೆ ಸದಾ ಅರ್ಧ ತುಂಬಿದ ಒಂದು ಬಕೆಟ್ಟು. ನಕ್ಷೆ ಶಾಖೆಯಲ್ಲಿ ಯಾರಾದರೂ ಸೀನಿದರೆ ಮಂಜೂರಾತಿ ಶಾಖೆಯಲ್ಲಿ ತಲೆಯೆತ್ತಿ ನೋಡುತ್ತಿದ್ದರು. ಆದರೆ ನಕ್ಷೆಗಾರನ ಕಂಪ್ಯೂಟರಿನಲ್ಲಿದ್ದ ಹಂಚಿಕೆಯ ಫೋಲ್ಡರು, ಹಿಂದಿನ ವಾರದವರೆಗೂ ಆಚೆಯ ಕಂಪ್ಯೂಟರಿನಲ್ಲಿ ಸಲೀಸಾಗಿ ತೆರೆದುಕೊಳ್ಳುತ್ತಿದ್ದುದು, ಅಂದು ತೆರೆದುಕೊಳ್ಳಲಿಲ್ಲ.

ಕಾರಣ ಎಲ್ಲರಿಗೂ ಗೊತ್ತಿತ್ತು. ಭಾನುವಾರ ರಜೆಯಲ್ಲಿ ಒಂದು ಕಂಪನಿಯವರು ಬಂದು ಫೈರ್‌ವಾಲ್ ಅಳವಡಿಸಿ ಹೋಗಿದ್ದರು. ಊಟದ ಡಬ್ಬಿಯಷ್ಟು ದೊಡ್ಡದಾದ ಕಪ್ಪು ಪೆಟ್ಟಿಗೆ. ನೀರಿನ ಯಂತ್ರದ ಮೇಲಿನ ಹಲಗೆಯ ಮೇಲೆ ಕೂತು ಹಸಿರು ದೀಪಗಳನ್ನು ಮಿಟುಕಿಸುತ್ತಿತ್ತು. ಹೋಗಬೇಕಾದ ಫೈಲುಗಳನ್ನು ಬಿಡುವುದು, ಹೋಗಬಾರದವನ್ನು ತಡೆಯುವುದು ಅದರ ಕೆಲಸ. ಯಾವುದು ಹೋಗಬೇಕಾದದ್ದು ಎಂದು ಅದಕ್ಕೆ ಯಾರೂ ಹೇಳಿರಲಿಲ್ಲವಾದ್ದರಿಂದ ಎಲ್ಲವನ್ನೂ ತಡೆದಿತ್ತು. ಯಾರೂ ಹೇಳದಿದ್ದಾಗ ಯಾವುದನ್ನೂ ಬಿಡದಿರುವುದು ನಿರ್ದೇಶನಾಲಯದಲ್ಲಿ ಮೊದಲಿನಿಂದ ನಡೆದುಬಂದ ಪದ್ಧತಿಯೇ ಆಗಿತ್ತು. ಹೊಸಬ ಬೇಗ ಹೊಂದಿಕೊಂಡ ಎಂದು ಹಿರಿಯರು ಮೆಚ್ಚಿಕೊಂಡರು.

ನಕ್ಷೆಗಾರ ಮಾತ್ರ ಮೆಚ್ಚಲಿಲ್ಲ.

ಅವನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಖಾಯಂ ರಾತ್ರಿ ಪಾಳಿ. ಬೆಳಿಗ್ಗೆ ಬಂದು ಹಗಲು ಮಲಗಬೇಕು. ಮನೆಯಿದ್ದದ್ದು ಒಂದು ಹಾಲು, ಒಂದು ಅಡುಗೆಮನೆ. ಹಾಲಿನಲ್ಲಿ ಅವನ ಅಪ್ಪ ಇದ್ದರು, ಅಪ್ಪನ ಎದುರಿಗೆ ಟೀವಿ ಇತ್ತು. ಅಪ್ಪನಿಗೆ ಕಿವಿ ಸರಿಯಾಗಿಯೇ ಕೇಳುತ್ತಿತ್ತು. ಆದರೂ ವಾರ್ತೆಯನ್ನು ದೊಡ್ಡದಾಗಿ ಇಟ್ಟರೆ ಹೆಚ್ಚು ನಿಜವಿರುತ್ತದೆ ಎಂಬುದು ಅವರ ನಂಬಿಕೆ. ಸೊಸೆ ಅಡುಗೆಮನೆಯಲ್ಲಿ ಗ್ಯಾಸ್ ಸಿಲಿಂಡರಿನ ಪಕ್ಕ ಚಾಪೆ ಹಾಸಿಕೊಂಡು, ಕಿವಿಗೆ ಹತ್ತಿ ತುರುಕಿಕೊಂಡು, ದೇಶದ ಸಮಸ್ತ ಅಪಘಾತಗಳನ್ನು ಕೇಳುತ್ತ ಮಲಗುತ್ತಿದ್ದಳು. ಹೋದ ತಿಂಗಳು ಒಬ್ಬ ರೋಗಿಯ ಜ್ವರ ನೋಡುತ್ತ ನೋಡುತ್ತ, ನಿಂತಲ್ಲೇ ತೂಕಡಿಸಿ ಅವನ ಮೇಲೆಯೇ ಬಿದ್ದಿದ್ದಳು. ರೋಗಿ ಒಳ್ಳೆಯವನಾದ್ದರಿಂದ ಸರಿಹೋಯಿತು.

ಅವಳಿಗೆ ಬೇಕಾಗಿದ್ದದ್ದು ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ. ಅದು ಸಿಗುವ ದಾರಿಯೂ ಇತ್ತು. ನಿರ್ದೇಶನಾಲಯದಲ್ಲಿ ಸಹಾಯಕ ನಿಯಂತ್ರಕರ ಹುದ್ದೆ ಖಾಲಿಯಿತ್ತು. ಹಿರಿತನದ ಪ್ರಕಾರ ಮುಂದಿನವನು ನಕ್ಷೆಗಾರ. ಆ ಹುದ್ದೆಗೆ ಕಚೇರಿಯ ಹಿಂದೆಯೇ ಒಂದು ವಸತಿಗೃಹ: ಹಾಲು, ಅಡುಗೆಮನೆ, ಮತ್ತು ಗಟ್ಟಿ ಬಾಗಿಲಿನ, ಒಳಗಿನಿಂದ ಚಿಲಕವಿರುವ ಒಂದು ಕೋಣೆ. ಬಡ್ತಿಗೆ ಷರತ್ತು ಒಂದೇ: ತಿಂಗಳ ಕೊನೆಗೆ ಅವನ ಮೇಜಿನಲ್ಲಿ ಬಾಕಿ ಇರಕೂಡದು. ಬಾಕಿ ಇದ್ದದ್ದೂ ಒಂದೇ: ಡೇರಿ ಹಿಂದಿನ ಬೀದಿಯ ದೀಪಸ್ತಂಭಗಳ ನಕ್ಷೆ. ನಕ್ಷೆ ಸಿದ್ಧವಾಗಿತ್ತು. ಓಣಿ ದಾಟಬೇಕಿತ್ತು, ಅಷ್ಟೆ.

ಮಾರನೆಯ ದಿನ ಬೆಳಿಗ್ಗೆ ಅವನು ಚಪ್ಪಲಿ ಮೆಟ್ಟಿಕೊಳ್ಳುವ ಹೊತ್ತಿಗೆ ಅವಳು ಚಪ್ಪಲಿ ಬಿಡುತ್ತಿದ್ದಳು. ಗಂಡಹೆಂಡಿರ ಮಾತುಕತೆಗೆ ಸಿಗುತ್ತಿದ್ದ ಹೊತ್ತು ಅದೊಂದೇ.

"ಹೋಯ್ತಾ ನಿಮ್ಮ ನಕ್ಷೆ?"

"ಇಲ್ಲ. ಫೈರ್‌ವಾಲ್ ಬಿಡ್ತಿಲ್ಲ."

"ಯಾರದು? ಹೊಸಬರಾ?"

"ಪೆಟ್ಟಿಗೆ ಕಣೇ."

"ಪೆಟ್ಟಿಗೆ ಅಡ್ಡ ಇದ್ರೆ ಪಕ್ಕಕ್ಕೆ ಸರಿಸೋಕ್ಕೆ ಆಗಲ್ವಾ ಇಷ್ಟು ಜನ ಗಂಡಸರಿಗೆ?" ಎಂದು ಅವಳು ಒಳಗೆ ಹೋದಳು. ಒಳಗಿನಿಂದ ಎಲ್ಲೋ ಒಂದು ಸೇತುವೆ ಕುಸಿದ ಸುದ್ದಿ ಗಟ್ಟಿಯಾಗಿ ಕೇಳಿಬಂತು.

ಬೇರೆ ದಾರಿಗಳನ್ನು ನಿರ್ದೇಶನಾಲಯ ಪರಿಶೀಲಿಸಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಪೆನ್‌ಡ್ರೈವಿನಲ್ಲಿ ಒಯ್ಯಬಹುದಿತ್ತು, ಆದರೆ ಹಿಂದೊಮ್ಮೆ ವೈರಸ್ ಬಂದಿದ್ದಾಗ ಪೆನ್‌ಡ್ರೈವ್ ಚುಚ್ಚುವ ತೂತುಗಳಿಗೆಲ್ಲ ಅರಗು ಹಾಕಿ ಮೊಹರು ಒತ್ತಲಾಗಿತ್ತು. ಕಾಗದದಲ್ಲಿ ಅಚ್ಚು ಹಾಕಬಹುದಿತ್ತು. ಆದರೆ ನಿರ್ದೇಶನಾಲಯಕ್ಕೆ ಕಾಗದರಹಿತ ಕಚೇರಿ ಎಂಬ ಪ್ರಶಸ್ತಿ ಬಂದಿತ್ತು, ಪ್ರಿಂಟರನ್ನು ಪ್ರಶಸ್ತಿಫಲಕದ ಪಕ್ಕದಲ್ಲಿ ಗಾಜಿನ ಬೀರುವಿನೊಳಗೆ ನೆನಪಿಗಾಗಿ ಇಡಲಾಗಿತ್ತು. ಕೊನೆಗೆ ಮಂಜೂರಾತಿ ಮೇಡಂ ದೊಡ್ಡ ಮನಸ್ಸು ಮಾಡಿ ತಾವೇ ಓಣಿ ದಾಟಿ ಬಂದರು. ನಕ್ಷೆಗಾರನ ಕುರ್ಚಿಯ ಹಿಂದೆ ನಿಂತು ಪರದೆಯ ಮೇಲೆ ಇಡೀ ನಕ್ಷೆಯನ್ನು ಒಂದೊಂದು ಕಂಬವಾಗಿ ನೋಡಿದರು.

"ಚೆನ್ನಾಗಿದೆ. ಒಂದು ತಪ್ಪೂ ಇಲ್ಲ."

"ಹಾಗಾದ್ರೆ ಮಂಜೂರು ಮಾಡಿಬಿಡಿ ಮೇಡಂ."

"ನಾನು ಇಲ್ಲಿ ನೋಡಿದ್ದು ಕಣ್ರೀ. ಮಂಜೂರು ಮಾಡೋ ಅಧಿಕಾರ ಇರೋದು ನನ್ನ ಕುರ್ಚಿಯಲ್ಲಿ. ಅಲ್ಲಿ ಕೂತಾಗ ನನಗೆ ಏನೂ ಕಾಣಿಸ್ತಿಲ್ಲ."

ಅವರು ತಮ್ಮ ಕುರ್ಚಿಗೆ ಮರಳಿ, ನಕ್ಷೆ ಕಂಡುಬಂದಿರುವುದಿಲ್ಲ ಎಂದು ದಾಖಲಿಸಿದರು.

ಬುಧವಾರ ಕಂಪನಿಯಿಂದ ತಂತ್ರಜ್ಞ ಬಂದ. ಗುಂಗುರು ಕೂದಲಿನ, ಮೈ ತುಂಬಿಕೊಂಡ, ಯಾವುದಕ್ಕೂ ಅವಸರಪಡದ ಮನುಷ್ಯ. ಅವನಿಗೆ ಗಂಟೆಯ ಲೆಕ್ಕದಲ್ಲಿ ಸಂಬಳ. ನಕ್ಷೆಗಾರನ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಮೊದಲು ಚಹಾ ಕುಡಿದು, ಆಮೇಲೆ ಕೀಲಿಮಣೆ ಮುಟ್ಟಿದ.

"ಎರಡು ಮಿಷನ್ನೂ ಚೆನ್ನಾಗೇ ಇವೆ ಸಾರ್. ಇದು ಕೂಗಿದ್ರೆ ಅದು ಓಗೊಡುತ್ತೆ. ಹೆಸರೂ ಕಾಣ್ಸುತ್ತೆ. ಫೋಲ್ಡರ್ ಕೊಡಪ್ಪ ಅಂದಾಗ ಮಾತ್ರ ಮೇಲಿರೋ ಪುಣ್ಯಾತ್ಮ ಅಡ್ಡ ಬರ್ತಾನೆ."

"ಸರಿ ಮಾಡೋಕೆ ಎಷ್ಟು ಹೊತ್ತು ಬೇಕು?"

"ಒಂದು ಟಿಕ್ಕು ಸಾರ್. ಫೈಲ್ ಶೇರಿಂಗ್ ಬಿಡು ಅಂತ ಒಂದು ಚೌಕ ಇದೆ. ಟಿಕ್ ಹಾಕಿದ್ರೆ ಮುಗೀತು."

ನಕ್ಷೆಗಾರ ಪರದೆಯತ್ತ ಬಗ್ಗಿದ. ಚೌಕ ಇತ್ತು. ಖಾಲಿಯಿತ್ತು. ಅಷ್ಟು ಚಿಕ್ಕ ಚೌಕದ ಹಿಂದೆ ತನ್ನ ಹೆಂಡತಿಯ ನಿದ್ದೆ ಸಿಕ್ಕಿಕೊಂಡಿದೆಯೆಂದು ಅವನಿಗೆ ನಂಬಲಾಗಲಿಲ್ಲ.

"ಹಾಕಪ್ಪ ಮತ್ತೆ."

"ಹಾಕ್ತೀನಿ. ಯಾರು ಹೇಳಿದ್ರು ಅಂತ ಬರ್ಕೊಳ್ಳಲಿ?"

ನಕ್ಷೆಗಾರ ನಿರ್ದೇಶಕರ ಕೋಣೆಯತ್ತ ನೋಡಿದ. ತಂತ್ರಜ್ಞ ಕೈ ಹಿಂತೆಗೆದುಕೊಂಡು ಇನ್ನೊಂದು ಚಹಾ ಹೇಳಿದ.

ವಿಷಯ ನಿರ್ದೇಶಕರ ಕೋಣೆಗೆ ಹೋಯಿತು. ಅಲ್ಲಿ ನಿಯಮಗಳ ಗುಮಾಸ್ತನೂ ಇದ್ದ. ಅವನಿಗೆ ಕಚೇರಿಯಲ್ಲಿ ಉಪನಿಯಮ ಎಂದು ಹೆಸರು. ಅವನ ಹೆಂಡತಿಯೂ ಫೋನಿನಲ್ಲಿ ಹಾಗೆಯೇ ಕೇಳುತ್ತಿದ್ದಳು. ಸಣ್ಣ ದನಿಯ, ಸದಾ ಇಸ್ತ್ರಿ ಮಾಡಿದ ಅಂಗಿಯ ಮನುಷ್ಯ. ನಿವೃತ್ತಿಗೆ ಹತ್ತಿರವಿದ್ದ; ತನ್ನ ಸೇವೆಯಲ್ಲಿ ಒಂದೇ ಒಂದು ಕೆಲಸವನ್ನೂ ನಿಯಮ ಮೀರಿ ಮುಗಿಸಿದವನಲ್ಲ.

"ಟಿಕ್ ಹಾಕಿ ಬಿಡೋದಾ ಸಾರ್?" ಎಂದು ನಕ್ಷೆಗಾರ ಕೇಳಿದ.

ನಿರ್ದೇಶಕರು ಉಪನಿಯಮನ ಮುಖ ನೋಡಿದರು.

"ಹಾಕಬಹುದು," ಎಂದ ಉಪನಿಯಮ. "ಆದರೆ ಒಮ್ಮೆ ಮಾಡಿದ ನಿರಾಕರಣೆಯನ್ನು ವಾಪಸು ತಗೊಳ್ಳೋದು ನಿರಾಕರಿಸಿದವರು, ಇಲ್ಲ ಅವರ ಮೇಲಧಿಕಾರಿ. ಈಗ ನಿರಾಕರಿಸಿದವರ ದರ್ಜೆ ಏನು?"

"ಅದಕ್ಕೆಂಥ ದರ್ಜೆ? ಪೆಟ್ಟಿಗೆ," ಎಂದರು ನಿರ್ದೇಶಕರು.

"ಅದೇ ಕಷ್ಟ ಸಾರ್. ಅಧಿಕಾರಿಯ ಕೋರಿಕೆಯನ್ನು ಅವರಿಗಿಂತ ಕೆಳಗಿನವರು ನಿರಾಕರಿಸೋ ಹಾಗಿಲ್ಲ. ಮೇಡಂ ಅವರು ಫೋಲ್ಡರ್ ಕೇಳಿದ್ದಾರೆ, ಇದು ಕೊಟ್ಟಿಲ್ಲ. ದರ್ಜೆಯೇ ಇಲ್ಲದವರು ನಿರಾಕರಿಸಿದರೆ ಆ ನಿರಾಕರಣೆ ಅಸಿಂಧು. ಅಸಿಂಧು ಆದಮೇಲೆ ಫೈಲು ಹೋಗಿದೆ ಅಂತ ಅರ್ಥ. ಹೋಗಿಲ್ಲ ಅಂತ ಮೇಡಂ ಬರೆದಿದ್ದಾರೆ. ಲೆಕ್ಕಪರಿಶೋಧನೆಯವರು ಬಂದು ಕೇಳಿದರೆ, ಹೋಗಿದೆ ಮತ್ತು ಹೋಗಿಲ್ಲ ಅನ್ನಬೇಕಾಗುತ್ತೆ."

"ಅದನ್ನ ನಾವು ಮೊದಲೂ ಹೇಳಿದ್ದೀವಲ್ಲ."

"ಹೇಳಿದ್ದೀವಿ ಸಾರ್. ಬೇರೆ ಬೇರೆ ವರ್ಷದಲ್ಲಿ."

ನಿರ್ದೇಶಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಾಗಾದರೆ ಕಿತ್ತು ಹಾಕೋಣ."

"ಹಾಕಬಹುದು. ಕಿತ್ತದ್ದು ಯಾಕೆ ಅಂತ ಬರೆಯಬೇಕು. ಅದಕ್ಕೆ ಮೊದಲು ಕೊಂಡದ್ದು ಯಾಕೆ ಅಂತ ಬರೆಯಬೇಕು. ಕೊಂಡದ್ದಕ್ಕೆ ರುಜು ತಮ್ಮದು."

ನಿರ್ದೇಶಕರು ಕನ್ನಡಕವನ್ನು ಮತ್ತೆ ಹಾಕಿಕೊಂಡರು.

"ಇನ್ನೊಂದು ಸಂಗತಿ," ಎಂದ ಉಪನಿಯಮ, ದನಿ ಇನ್ನಷ್ಟು ತಗ್ಗಿಸಿ. "ನಿನ್ನೆ ತಾವೂ ಏನೋ ಕೇಳಿದ್ದಿರಿ. ತಮಗೂ ಇಲ್ಲ ಅಂದಿದೆ."

ನಿರ್ದೇಶಕರ ಮುಖದಲ್ಲಿ ಮೊದಲ ಬಾರಿಗೆ ಆ ಪೆಟ್ಟಿಗೆಯ ಬಗ್ಗೆ ಗೌರವ ಕಂಡಿತು.

"ಅದನ್ನು ಸಲಹೆ ಅಂತ ಪರಿಗಣಿಸಬಹುದು," ಎಂದು ಉಪನಿಯಮ ಸಮಾಧಾನ ಹೇಳಿದ. "ಆದರೆ ಮೇಡಂ ಅವರಿಗೆ ಇಲ್ಲ ಅಂದದ್ದು ಸಿಂಧು ಆಗಬೇಕಾದರೆ, ಅವರಿಗಿಂತ ಒಂದು ಮೆಟ್ಟಿಲಾದರೂ ಮೇಲಿರಬೇಕು. ಅಂಥದ್ದು ಸಹಾಯಕ ನಿಯಂತ್ರಕರ ಹುದ್ದೆ. ಸದ್ಯ ಖಾಲಿ ಇದೆ."

ನಕ್ಷೆಗಾರ ಕೂತಿದ್ದ ಕುರ್ಚಿಯ ತುದಿಗೆ ಬಂದ. "ಸಾರ್, ಆ ಹುದ್ದೆ ನನಗೆ ಬರಬೇಕಾದದ್ದು."

"ಖಂಡಿತ. ನಿಮಗೆ ಬಾಕಿ ಇದೆಯಲ್ಲ?"

"ಬಾಕಿ ಇರೋದೇ ಅದರ ದೆಸೆಯಿಂದ!"

"ಅದನ್ನೇ ನಾನೂ ಹೇಳ್ತಿರೋದು. ಅವರಿಗೆ ಹುದ್ದೆ ಕೊಟ್ಟರೆ ಅವರೇ ನಿರಾಕರಣೆ ವಾಪಸು ತಗೋತಾರೆ. ನಿಮ್ಮ ನಕ್ಷೆ ಹೋಗುತ್ತೆ, ಬಾಕಿ ತೀರುತ್ತೆ. ತೀರಿದ ಕೂಡಲೇ ನೀವು ಹುದ್ದೆಗೆ ಅರ್ಹರು. ಇದು ತಾತ್ಕಾಲಿಕ ವ್ಯವಸ್ಥೆ. ಪಾಪ, ನಿಮಗೋಸ್ಕರವೇ ಮಾಡ್ತಿರೋದು. ಸರದಿಯಲ್ಲಿ ಮುಂದಿದ್ದೀರಿ, ನಿಮ್ಮದೊಂದು ಒಪ್ಪಿಗೆ ಬೇಕು."

ಉಪನಿಯಮ ಪೆಟ್ಟಿಗೆಯನ್ನು 'ಅವರು' ಎಂದದ್ದನ್ನು ಆ ಹೊತ್ತಿಗೆ ಯಾರೂ ಗಮನಿಸಲಿಲ್ಲ.

ನಕ್ಷೆಗಾರ ಮನೆಯಲ್ಲಿ ಒಂದು ಮಾತು ಕೇಳಿ ಬರುತ್ತೇನೆಂದು ಊಟದ ಹೊತ್ತಿಗೆ ಹೋದ. ಹೆಂಡತಿ ಸಿಲಿಂಡರಿಗೆ ಬೆನ್ನು ಹಾಕಿ ಮಲಗಿದ್ದಳು. ಹಾಲಿನಲ್ಲಿ ಇಬ್ಬರು ರಾಜಕಾರಣಿಗಳು ಏಕಕಾಲಕ್ಕೆ ಕಿರುಚುತ್ತಿದ್ದರು. ಅಪ್ಪ ಇಬ್ಬರಿಗೂ ತಲೆದೂಗುತ್ತಿದ್ದರು. ಅವನು ಅವಳ ಕಿವಿಯ ಹತ್ತಿ ತೆಗೆದು ಎಲ್ಲವನ್ನೂ ಮೊದಲಿನಿಂದ ಹೇಳಿದ. ದರ್ಜೆ, ಅಸಿಂಧು, ತಾತ್ಕಾಲಿಕ, ಒಪ್ಪಿಗೆ.

"ಏನು ಮಾಡಲಿ, ಬರೆದು ಕೊಡಲಾ?"

"ಹ್ಞೂಂ," ಎಂದಳು.

ಅದು ನಿದ್ದೆಯಲ್ಲಿ ಅಂದದ್ದೋ ಎಚ್ಚರದಲ್ಲೋ ಎಂದು ಅವನು ಸ್ವಲ್ಪ ಹೊತ್ತು ಯೋಚಿಸಿದ. ಮತ್ತೆ ಹತ್ತಿ ತುರುಕಿ, ಕಚೇರಿಗೆ ಹೋಗಿ ಬರೆದುಕೊಟ್ಟ.

ಅಂದು ಸಂಜೆ ಹೊರಬಿದ್ದ ಸುತ್ತೋಲೆ ಹೀಗಿತ್ತು:

"ಓಣಿಯ ಹಲಗೆಯ ಮೇಲೆ ಪ್ರಸ್ತುತ ಕಾರ್ಯನಿರ್ವಹಿಸುತ್ತಿರುವ ಫೈರ್‌ವಾಲ್ ಅವರನ್ನು ತತ್‌ಕ್ಷಣದಿಂದ ಜಾರಿಗೆ ಬರುವಂತೆ ಸಹಾಯಕ ನಿಯಂತ್ರಕರೆಂದು ನೇಮಿಸಲಾಗಿದೆ. ಅವರು ಈವರೆಗೆ ಮಾಡಿರುವ ಎಲ್ಲ ನಿರಾಕರಣೆಗಳನ್ನೂ ಸದರಿ ಹುದ್ದೆಯಿಂದಲೇ ಮಾಡಿದವೆಂದು ಭಾವಿಸತಕ್ಕದ್ದು. ಸಿಬ್ಬಂದಿಯು ಅವರನ್ನು ಏಕವಚನದಲ್ಲಿ ಸಂಬೋಧಿಸಕೂಡದು. ಅವರ ಕೆಳಗೆ ನೀರು ಹಿಡಿಯುವಾಗ ಶಬ್ದ ಮಾಡಕೂಡದು. ಬಕೆಟ್ಟನ್ನು ಸ್ಥಳಾಂತರಿಸತಕ್ಕದ್ದು."

ಅಧಿಕಾರಿಯೆಂದ ಮೇಲೆ ಆಪ್ತ ಸಹಾಯಕ ಬೇಕು. ಸಾಹೇಬರ ಮನಸ್ಸಿನಲ್ಲೇನಿದೆಯೆಂದು ಓದಬಲ್ಲವನು ತಂತ್ರಜ್ಞ ಒಬ್ಬನೇ ಆದ್ದರಿಂದ ಅವನನ್ನೇ ಇರಿಸಿಕೊಳ್ಳಲಾಯಿತು. ಗಂಟೆಯ ಲೆಕ್ಕ ಹಾಗೆಯೇ ಮುಂದುವರಿಯಿತು. ಅವನು ಹಲಗೆಯ ಪಕ್ಕ ಒಂದು ಮೇಜು ಹಾಕಿಸಿಕೊಂಡು, ಬಂದವರನ್ನು ಬೆಂಚಿನ ಮೇಲೆ ಕೂರಿಸತೊಡಗಿದ. ಬೀದಿದೀಪದ ಗುತ್ತಿಗೆದಾರರಿಗೆ ಸುದ್ದಿ ಮುಟ್ಟುವುದು ತಡವಾಗಲಿಲ್ಲ. ಅವರಲ್ಲೊಬ್ಬ ಹಣ್ಣಿನ ಬುಟ್ಟಿ ತಂದು ಹಲಗೆಯ ಮೇಲಿಡಲು ಹೋದ.

"ಸಾಹೇಬರು ಏನೂ ಮುಟ್ಟಲ್ಲ," ಎಂದ ತಂತ್ರಜ್ಞ.

ಗುತ್ತಿಗೆದಾರ ದಿಗ್ಭ್ರಾಂತನಾದ. "ಏನೂ?"

"ಏನೂ. ಇಲ್ಲಿಡಿ, ಈ ಮೇಜಿನ ಕೆಳಗೆ."

ನಕ್ಷೆಗಾರನ ಸರದಿ ಬಂದದ್ದು ಮರುದಿನ ಮಧ್ಯಾಹ್ನ. ಅವನು ಹಲಗೆಯ ಮುಂದೆ ನಿಂತು ವಿಷಯ ನಿವೇದಿಸಿದ. ಹಸಿರು ದೀಪಗಳು ಮಿಟುಕಿದವು. ತಂತ್ರಜ್ಞ ಅವನ್ನು ಗಮನವಿಟ್ಟು ನೋಡಿದ.

"ಬೇಸರ ಆಗಿದೆ ಸಾಹೇಬರಿಗೆ."

"ಯಾಕಪ್ಪ?"

"ನೀವು ಮೊದಲ ದಿನ ಪೆಟ್ಟಿಗೆ ಪೆಟ್ಟಿಗೆ ಅಂತ ಮಾತಾಡಿದ್ರಂತೆ."

"ನಾನೊಬ್ಬನೇ ಅಂದದ್ದಾ? ನಿರ್ದೇಶಕರೂ ಅಂದರಲ್ಲ."

"ಅವರು ಮೇಲಧಿಕಾರಿ. ಅನ್ನಬಹುದು."

ನಕ್ಷೆಗಾರ ಓಣಿಯ ಎರಡೂ ಕಡೆ ನೋಡಿದ. ಮಂಜೂರಾತಿ ಮೇಡಂ ಬಾಗಿಲಲ್ಲಿ ನಿಂತು ಲೋಟದಲ್ಲಿ ನೀರು ಕುಡಿಯುತ್ತಿದ್ದರು, ಸದ್ದಿಲ್ಲದೆ. ಅವನಿಗೆ ಆಸ್ಪತ್ರೆಯ ರೋಗಿಯ ಮೇಲೆ ಬಿದ್ದ ಹೆಂಡತಿ ಕಣ್ಣಿಗೆ ಕಟ್ಟಿದಳು. ಕೈ ಜೋಡಿಸಿ, "ತಪ್ಪಾಯಿತು ಸಾರ್," ಎಂದ.

ತಂತ್ರಜ್ಞ ಟಿಕ್ ಹಾಕಿದ. ಆಚೆ ಕೋಣೆಯಲ್ಲಿ ಫೋಲ್ಡರು ತೆರೆದುಕೊಂಡಿತು. ಮೇಡಂ ತಮ್ಮ ಕುರ್ಚಿಯಲ್ಲಿ ಕೂತು, ಮೊದಲೇ ನೋಡಿದ್ದ ನಕ್ಷೆಯನ್ನು ಮೊದಲ ಬಾರಿಗೆ ನೋಡಿ, ಚೆನ್ನಾಗಿದೆ ಎಂದು ಮಂಜೂರು ಮಾಡಿದರು.

ನಿರ್ದೇಶಕರು ತಮ್ಮ ಕೋಣೆಯಲ್ಲಿ ಎದ್ದು ನಿಂತು ನಕ್ಷೆಗಾರನ ಕೈ ಕುಲುಕಿದರು.

"ಅಭಿನಂದನೆಗಳು. ಬಾಕಿ ಸೊನ್ನೆ. ಸಹಾಯಕ ನಿಯಂತ್ರಕರ ಹುದ್ದೆಗೆ ನೀವೀಗ ಎಲ್ಲ ರೀತಿಯಲ್ಲೂ ಅರ್ಹರು."

"ಯಾವಾಗ ಸಾರ್ ಆರ್ಡರು?"

"ಆರ್ಡರಿಗೇನು, ಹುದ್ದೆ ಖಾಲಿಯಾದ ದಿನವೇ."

"ಅದು ತಾತ್ಕಾಲಿಕ ಅಂದಿದ್ದಿರಿ."

ಉಪನಿಯಮ ನಿಧಾನವಾಗಿ ವಿವರಿಸಿದ. ತಾತ್ಕಾಲಿಕವೇ ಹೌದು. ಆದರೆ ತಾತ್ಕಾಲಿಕವಾಗಿ ಹುದ್ದೆಯಲ್ಲಿರುವ ಅಧಿಕಾರಿಯನ್ನು ಇಳಿಸಬೇಕಾದರೆ ಏನಾದರೊಂದು ದೋಷ ತೋರಿಸಬೇಕು. ಇವರನ್ನು ನೋಡಿದರೆ ನೇಮಕವಾದಾಗಿನಿಂದ ತಡವಾಗಿ ಬಂದಿಲ್ಲ. ಬೇಗ ಎದ್ದು ಹೋಗಿಲ್ಲ. ರಜೆ ಕೇಳಿಲ್ಲ. ಊಟಕ್ಕೆ ಸಹ ಎದ್ದಿಲ್ಲ. ಯಾರಿಂದಲೂ ಏನೂ ತಗೊಂಡಿಲ್ಲ. ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಇನ್ನೊಂದು ಮಾಡಿಲ್ಲ. ಎಲ್ಲರಿಗೂ ಸಮಾನವಾಗಿ ಇಲ್ಲವೆಂದಿದ್ದಾರೆ.

"ನಿರ್ದೇಶನಾಲಯದ ಚರಿತ್ರೆಯಲ್ಲಿ ಇಂಥ ಸೇವಾದಾಖಲೆ ಇನ್ನೊಂದಿಲ್ಲ," ಎಂದ ಉಪನಿಯಮ, ಕಣ್ಣು ಒರೆಸಿಕೊಂಡು. "ಮುಂದಿನ ಬಡ್ತಿಗೂ ಅವರ ಹೆಸರೇ ಮೊದಲು."

ನಕ್ಷೆಗಾರ ಗಲಾಟೆ ಮಾಡುವ ಪೈಕಿ ಅಲ್ಲ. ಮೇಜಿನ ಅಂಚನ್ನು ಹಿಡಿದುಕೊಂಡು ನಿಂತಿದ್ದ. ಬಿಟ್ಟು ಹೋಗುವುದನ್ನು ಮರೆತವನ ಹಾಗೆ. ಆಮೇಲೆ ಕೇಳಿದ: "ಮತ್ತೆ ಮನೆ?"

"ಯಾವ ಮನೆ?"

"ಹಿಂದುಗಡೆದು. ಬಾಗಿಲಿರೋ ರೂಮಿನದು."

ನಿರ್ದೇಶಕರೂ ಉಪನಿಯಮನೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಸತಿಗೃಹದ ವಿಷಯ ಇಬ್ಬರಿಗೂ ಮರೆತೇಹೋಗಿತ್ತು. ಅದು ಹುದ್ದೆಗೆ ಸೇರಿದ್ದು. ಹುದ್ದೆಯಲ್ಲಿರುವವರು ಹೋಗಿ ವಾಸ ಮಾಡದಿದ್ದರೆ ಇನ್ನೊಂದು ಇಲಾಖೆ ಕಿತ್ತುಕೊಳ್ಳುತ್ತದೆ. ಕುಡಿಯುವ ನೀರಿನ ಇಲಾಖೆಯವರು ಆಗಲೇ ಎರಡು ಸಲ ಬಂದು ಗೋಡೆ ಅಳೆದುಕೊಂಡು ಹೋಗಿದ್ದರು.

ಆದ್ದರಿಂದ ಸಹಾಯಕ ನಿಯಂತ್ರಕರು ಮನೆಗೆ ಹೋಗುವುದೆಂದೇ ತೀರ್ಮಾನವಾಯಿತು. ಕಚೇರಿಯ ಕಿಟಕಿಯಿಂದ ಹಿತ್ತಲಿನ ಮೇಲೆ ಹಾಯಿಸಿ ಒಂದು ಉದ್ದದ ಕೇಬಲ್ ಎಳೆದರೆ ಅವರು ನಿವಾಸದಿಂದಲೇ ಕೆಲಸ ನೋಡಬಲ್ಲರೆಂದು ತಂತ್ರಜ್ಞ ಹೇಳಿದ. ಕೇಬಲ್ ಎಳೆಯುವುದಕ್ಕೂ ಗಂಟೆಯ ಲೆಕ್ಕ.

"ಒಂದು ತೊಡಕಿದೆ," ಎಂದ ಉಪನಿಯಮ. "ಅದು ಕುಟುಂಬ ವಸತಿಗೃಹ. ಒಂಟಿ ಇರೋರಿಗೆ ಕೊಡೋ ಹಾಗಿಲ್ಲ. ಸಾಹೇಬರಿಗೆ ಕುಟುಂಬ ಇದೆಯಾ?"

ತಂತ್ರಜ್ಞ ಇಲ್ಲವೆಂದು ತಲೆಯಾಡಿಸಿದ.

ಕೋಣೆಯಲ್ಲಿದ್ದವರೆಲ್ಲ ಯೋಚಿಸುತ್ತ, ಒಬ್ಬೊಬ್ಬರಾಗಿ, ನಕ್ಷೆಗಾರನ ಕಡೆ ತಿರುಗಿದರು. ಅವನಿಗೆ ಕುಟುಂಬವಿತ್ತು. ಕೋಣೆಯಿರುವ ಮನೆಯಿರಲಿಲ್ಲ. ಸಾಹೇಬರಿಗೆ ಮನೆಯಿತ್ತು. ಇಷ್ಟು ಸರಳವಾದ ಪರಿಹಾರ ನಿರ್ದೇಶನಾಲಯದಲ್ಲಿ ಅಪರೂಪವೆಂದು ಮಂಜೂರಾತಿ ಮೇಡಂ ಆಮೇಲೆ ಬಹಳ ಕಡೆ ಹೇಳಿದರು. ಕುಟುಂಬವೆಂದ ಮೇಲೆ ಸಂಬಂಧ ತೋರಿಸಬೇಕಷ್ಟೆ. ಏನೆಂದು ತೋರಿಸುವುದು ಎಂಬ ಬಗ್ಗೆ ಸಂಜೆಯವರೆಗೆ ಚರ್ಚೆ ನಡೆದು, ಹಿರಿತನದ ನಿಯಮದ ಪ್ರಕಾರವೇ ಇತ್ಯರ್ಥವಾಯಿತು. ಆ ರಾತ್ರಿ ಹೆಂಡತಿ ಕೆಲಸಕ್ಕೆ ಹೋದ ಮೇಲೆ ನಕ್ಷೆಗಾರ ಟೀವಿಯ ಸದ್ದಿನ ನಡುವೆಯೇ ಅಪ್ಪನಿಗೆ ವಿಷಯ ತಿಳಿಸಿ ಅವರ ರುಜು ಪಡೆದ. ಅಪ್ಪ ಎರಡು ಪ್ರಶ್ನೆ ಕೇಳಿದರು, ಕನ್ನಡಕ ಹಾಕಿಕೊಂಡರು, ರುಜು ಮಾಡಿದರು.

"ಮನೆ ಸಿಕ್ಕಿತು," ಎಂದು ಬೆಳಿಗ್ಗೆ ಬಾಗಿಲಲ್ಲಿ ಅವಳಿಗೆ ಹೇಳಿದ.

ಅವಳು ಕೈಚೀಲ ಹಿಡಿದುಕೊಂಡೇ ನಿಂತಳು. "ನಿಜವಾಗ್ಲೂ? ಬಾಗಿಲಿದೆ ತಾನೆ?"

"ಇದೆ. ಗಟ್ಟಿ ಬಾಗಿಲು."

ಮುಂದಿನದನ್ನು ಅವನು ಹೇಳಬೇಕೆಂದಿದ್ದ. ಅವಳ ಮುಖ ನೋಡಿ, ಚಪ್ಪಲಿ ಮೆಟ್ಟಿಕೊಂಡು ಕಚೇರಿಗೆ ಹೊರಟ.

ಭಾನುವಾರ ಸಾಮಾನು ಸಾಗಿಸಿದರು. ಅವಳಿಗೆ ಆ ದಿನವೂ ರಾತ್ರಿ ಪಾಳಿಯಿತ್ತು. ಹೊಸ ಮನೆಯೊಳಗೆ ಕಾಲಿಟ್ಟದ್ದು ಸೋಮವಾರ ಬೆಳಿಗ್ಗೆ. ಹಾಲು ದಾಟಿ ನೇರವಾಗಿ ಕೋಣೆಯತ್ತ ನಡೆದಳು. ಬಾಗಿಲು ಮುಚ್ಚಿತ್ತು. ಬಾಗಿಲ ಮೇಲೆ ಹಿತ್ತಾಳೆಯ ಫಲಕವಿತ್ತು: ಸಹಾಯಕ ನಿಯಂತ್ರಕರು. ಒಳಗಿನಿಂದ ಸಣ್ಣಗೆ ಏಸಿಯ ಸದ್ದು. ಬಾಗಿಲ ಸಂದಿಯಲ್ಲಿ ಹಸಿರು ಬೆಳಕು ಹೋಗಿ ಬಂದು ಮಾಡುತ್ತಿತ್ತು.

"ಇದೇನಿದು?"

"ಅಧಿಕಾರಿಗೆ ಪ್ರತ್ಯೇಕ ಕೋಣೆ ಅಂತ ನಿಯಮ," ಎಂದ ನಕ್ಷೆಗಾರ, ಚಪ್ಪಲಿಯ ಕಡೆ ನೋಡುತ್ತ. "ಅವರಿಗೆ ತಂಪು ಬೇಕು. ಧೂಳು ಆಗಲ್ಲ. ನಾವು ಹೊರಗೆ."

ಅವಳು ಏನಾದರೂ ಅನ್ನುತ್ತಾಳೆಂದು ಕಾದ. ಅವಳಿಗೆ ಅನ್ನುವಷ್ಟು ತ್ರಾಣವಿರಲಿಲ್ಲ. ಹಾಲಿನ ಮೂಲೆಯಲ್ಲಿ ಹಾಸಿಗೆ ಬಿಡಿಸಿ, ಕೈಚೀಲವನ್ನು ತಲೆದಿಂಬು ಮಾಡಿಕೊಂಡು, ಹತ್ತಿಗಾಗಿ ಹುಡುಕುತ್ತ ಹುಡುಕುತ್ತಲೇ ಕಣ್ಣು ಮುಚ್ಚಿದಳು. ಅಪ್ಪ ಟೀವಿಯ ರಿಮೋಟು ಎತ್ತಿಕೊಳ್ಳುವುದನ್ನು ನೋಡಿ ನಕ್ಷೆಗಾರ ಕಚೇರಿಗೆ ಓಡಿದ.

ಸಂಜೆ ಬಂದಾಗ ಅವಳು ಎದ್ದು, ಮುಖ ತೊಳೆದು, ತಲೆ ಬಾಚಿಕೊಂಡು, ಹೊಸ ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದಳು. ಕಣ್ಣ ಕೆಳಗಿನ ಕಪ್ಪು ತುಸು ಇಳಿದಿತ್ತು. ಹಾಲಿನಲ್ಲಿ ಅಪ್ಪ ಟೀವಿಯ ಎದುರು ಕೂತಿದ್ದರು. ಪರದೆಯ ಮೇಲೆ ಯಾರೋ ಯಾರನ್ನೋ ಬೈಯುತ್ತಿದ್ದರು. ಸದ್ದೇ ಇರಲಿಲ್ಲ.

"ಎಂಟು ಗಂಟೆ ಮಲಗಿದೆ," ಎಂದಳು ಪಿಸುಮಾತಿನಲ್ಲಿ, ಲೋಟ ಕೊಡುತ್ತ. "ಮದುವೆ ಆದಮೇಲೆ ಇದೇ ಮೊದಲು. ಮಾವ ಬೆಳಿಗ್ಗೆಯಿಂದ ಟೀವಿ ಬಾಯಿ ಮುಚ್ಚಿಸಿ ಕೂತಿದ್ದಾರೆ. ಪಕ್ಕದ ಮನೆಯೋರು ಬಂದ್ರೆ ಬೆರಳು ತುಟಿ ಮೇಲಿಟ್ಟು, ಒಳಗೆ ಸಾಹೇಬ್ರಿದ್ದಾರೆ ಅಂತ ವಾಪಸ್ ಕಳಿಸಿದ್ರಂತೆ. ನಾನು ಇಷ್ಟು ವರ್ಷ ಬೇಡ್ಕೊಂಡೆ, ಕೇಳ್ಲಿಲ್ಲ. ಏನು ಮೋಡಿ ಮಾಡಿದ್ರಿ?"

ನಕ್ಷೆಗಾರ ಕಾಫಿಯನ್ನು ಊದಿದ. ಇನ್ನೂ ಸ್ವಲ್ಪ ಊದಿದ.

"ಮನೆ ಬೇಕು ಅಂದ್ರೆ ಕುಟುಂಬ ತೋರಿಸಬೇಕಿತ್ತು."

"ತೋರಿಸಿ."

"ತೋರಿಸಿದೆ. ಅವರು ಹುದ್ದೆಯಲ್ಲಿ ನನಗಿಂತ ಮೇಲು. ಮೇಲಿರೋರು ಚಿಕ್ಕವರಾಗೋಕೆ ಬರಲ್ವಂತೆ. ಅದಕ್ಕೆ..."

"ಅದಕ್ಕೆ?"

ಹಾಲಿನಿಂದ ಅಪ್ಪನ ದನಿ ಬಂತು, ತಗ್ಗಿದ್ದರೂ ಸ್ಪಷ್ಟವಾಗಿ. ಮೆಟ್ಟಿಲ ಮೇಲೆ ನಿಂತ ಹಾಲು ಹಾಕುವವನಿಗೆ ಹೇಳುತ್ತಿದ್ದರು: "ಮೆಲ್ಲಗಪ್ಪ, ಮೆಲ್ಲಗೆ. ನನ್ನ ದೊಡ್ಡ ಮಗ ಒಳಗೆ ಕೆಲಸ ಮಾಡ್ತಿದ್ದಾನೆ. ಆಫೀಸರು. ಇಬ್ಬರಲ್ಲಿ ಒಬ್ಬನಾದ್ರೂ ಮುಂದೆ ಬಂದನಲ್ಲ, ಸಾಕು."

ಅವಳು ಗಂಡನ ಮುಖ ನೋಡಿದಳು.

"ನೀವು ಒಬ್ಬರೇ ಮಗ ಅಲ್ವಾ?"

"ಆಗಿದ್ದೆ. ಈಗ ಎರಡನೆಯವನು."

ಅವಳು ಸೋಸುವ ಬಟ್ಟೆಯನ್ನು ಹಿಂಡಿ, ಕೊಡವಿ, ಒಣಹಾಕಿದಳು. ಮುಚ್ಚಿದ ಬಾಗಿಲನ್ನೊಮ್ಮೆ, ಮಾತಿಲ್ಲದ ಟೀವಿಯನ್ನೊಮ್ಮೆ, ಮೂಲೆಯಲ್ಲಿ ಮಡಿಸಿಟ್ಟ ಹಾಸಿಗೆಯನ್ನೊಮ್ಮೆ ನೋಡಿದಳು.

"ಅಂದ್ರೆ ನನಗೆ ಅವರು ಭಾವ ಆಗಬೇಕು."

"ನಿಯಮದ ಪ್ರಕಾರ, ಹೌದು. ಆದರೆ ನೀನೇ ಹೇಳು, ನಾನು ಹುಟ್ಟಿ ಐವತ್ತು ವರ್ಷ ಆಯ್ತು, ಅದನ್ನ ಮೊನ್ನೆ ಮೊನ್ನೆ ತಂದಿದ್ದು, ಇದು ಎಲ್ಲಾದರೂ..."

ಅವನ ದನಿ ತುಸು ಏರಿತ್ತು. ಅವಳು ಬೆರಳನ್ನು ತುಟಿಯ ಮೇಲಿಟ್ಟಳು.

"ಶ್! ಭಾವನವರಿಗೆ ಕೇಳಿಸೀತು."